ಚಿಮ್ಮಡದಾಗ ಹಿಮ್ಮಡದ ಮಾತು

ಚಿಮ್ಮಡ: ಅಂಗಡಿಯ ಮೆಟ್ಟಿಲು ಹತ್ತುವಾಗ ಒಂದು ಕೈಯನ್ನು ಮೊಣಕಾಲಿಗೆ ಊರಿ, ಇನ್ನೊಂದು ಕೈಯಿಂದ ಬಾಗಿಲು ಹಿಡಿದು ಮೇಲೇರುವ ಐದಾರು ವರ್ಷದ ಹುಡುಗನನ್ನು ಅಂಗಡಿಕಾರರು ಯಾರಾದರೂ ನೋಡಿದ್ದೀರಾ? ಅವನು ನಡೆಯುವುದು ತುದಿಗಾಲ ಮೇಲೆ. ಓಡಿದರೆ ಬೀಳುತ್ತಾನೆ. ನೆಲದಿಂದ ಏಳುವಾಗ ತನ್ನ ಮೈಯನ್ನೇ ಏಣಿ ಮಾಡಿಕೊಂಡು, ಮೊಣಕಾಲಿನಿಂದ ತೊಡೆಗೆ ಕೈ ಹತ್ತಿಸುತ್ತ ಏಳುತ್ತಾನೆ. ಮೀನಖಂಡ ಮಾತ್ರ ಗರಡಿಮನೆಯ ಹುಡುಗನದರಂತೆ ದಪ್ಪ! "ಪೈಲ್ವಾನ ಆಗ್ತಾನ ಬಿಡ್ರಿ, ಬಸ್ಕಿ ಹೊಡಸ್ರಿ" ಅಂತ ಕಟ್ಟೆ ಮೇಲೆ ಕೂತವರು ಅಂದುಬಿಡುವುದು ಸುಲಭ.

ಆದರೆ ಅದು ಪೈಲ್ವಾನನ ಕಾಲಲ್ಲ. ಸ್ನಾಯು ಸವೆದ ಜಾಗದಲ್ಲಿ ಕೊಬ್ಬು, ನಾರು ತುಂಬಿ ದಪ್ಪಗೆ ಕಾಣುತ್ತದೆ ಅಷ್ಟೆ. ಡಾಕ್ಟರರು ಇದಕ್ಕೆ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ ಅನ್ನುತ್ತಾರೆ. ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಬರುವ ರೋಗ. ಸ್ನಾಯುವನ್ನು ಗಟ್ಟಿಯಾಗಿ ಹಿಡಿದಿಡುವ ಡಿಸ್ಟ್ರೋಫಿನ್ ಎಂಬ ಪ್ರೋಟೀನು ಈ ಮಕ್ಕಳ ಮೈಯಲ್ಲಿ ತಯಾರಾಗುವುದಿಲ್ಲ. ಅದು ಪತ್ತೆಯಾದದ್ದು 1987ರಲ್ಲಿ. ಬಸ್ಕಿ, ಭಾರ ಎತ್ತುವುದು ಇವೆಲ್ಲ ಇಂಥ ಸ್ನಾಯುವನ್ನು ಇನ್ನಷ್ಟು ಹರಿಯುತ್ತವೆ. ಗರಡಿಗೆ ಕಳಿಸುವ ಸಲಹೆ ಕೊಡುವ ಹಿರಿಯರು ಇದೊಂದು ಮಾತು ನೆನಪಿಡಬೇಕು.

ರೋಗವನ್ನು ಬೇರುಸಹಿತ ಕೀಳುವ ಮದ್ದು ಇಲ್ಲ. ಸ್ಟೀರಾಯ್ಡ್ ಗುಳಿಗೆಯಿಂದ ನಡಿಗೆ ಒಂದೆರಡು ವರ್ಷ ಹೆಚ್ಚು ಉಳಿಯುತ್ತದೆ. "ಹಂಗಾದ್ರ ಈ ಕಾಲು ಜಗ್ಗೂದು ಯಾಕ್ರೀ?" ಅಂತ ಕೇಳಿದರೆ ಪ್ರಶ್ನೆ ನ್ಯಾಯವಾದದ್ದೇ.

ಉತ್ತರ ಹಿಮ್ಮಡದಲ್ಲಿದೆ. ಬಲ ಕಡಿಮೆಯಾಗಿ ಕೀಲು ಪೂರ್ತಿ ಆಡದೆ ಹೋದರೆ, ನೆನೆದ ಬಾರುಕೋಲಿನ ತೊಗಲು ಒಣಗಿ ಸೆಟೆಯುವಂತೆ ಸ್ನಾಯು ಗಿಡ್ಡವಾಗುತ್ತದೆ. ಮೊದಲು ಹಿಮ್ಮಡ ನೆಲ ಬಿಡುತ್ತದೆ, ಮುಂದೆ ಸೊಂಟ, ಮೊಣಕಾಲು. ಗಾಲಿಕುರ್ಚಿಗೆ ಬಂದ ಮೇಲೆ ಮೊಣಕೈ, ಮಣಿಕಟ್ಟು, ಬೆರಳು. ರೋಗ ಬಲವನ್ನು ಒಯ್ಯುತ್ತದೆ ನಿಜ, ಆದರೆ ಸೆಟೆತ ಉಳಿದ ಬಲವನ್ನೂ ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಬೂಟು ಹಾಕಲಾಗದು, ಅಂಗಾತ ಮಲಗಲಾಗದು. ಫಿಜಿಯೋಥೆರಪಿ ತಡ ಮಾಡಿಸುವುದು ಈ ಸೆಟೆತವನ್ನೇ.

ಇದು ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಮಾಡಿಸಿ ಮುಗಿಯುವ ಕೆಲಸವಲ್ಲ. 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುವುದು ವಾರಕ್ಕೆ ಕನಿಷ್ಠ ನಾಲ್ಕರಿಂದ ಆರು ದಿನ. ಚಿಮ್ಮಡದಿಂದ ಬನಹಟ್ಟಿಗೋ ಜಮಖಂಡಿಗೋ ಅಷ್ಟು ಸಲ ಯಾರು ಹೋದಾರು? 2023ರ ಜೂನ್‌ನಿಂದ ತಾಯಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲ, ಸರಿ. ಆದರೆ ಬಸ್ಸಿನ ಮೊದಲ ಮೆಟ್ಟಿಲು ಎಷ್ಟು ಎತ್ತರ ಎಂಬುದು ದಿನಾ ಹತ್ತುವವರಿಗೇ ಗೊತ್ತು. ಆದ್ದರಿಂದ ಫಿಜಿಯೋಥೆರಪಿಸ್ಟರ ಮುಖ್ಯ ಕೆಲಸ ತಾಯಿ-ತಂದೆಯ ಕೈಗೆ ವಿದ್ಯೆ ದಾಟಿಸುವುದು, ಆಮೇಲೆ ಕೆಲವು ತಿಂಗಳಿಗೊಮ್ಮೆ ಕೀಲು ಅಳೆದು ನೋಡುವುದು.

ವಿದ್ಯೆ ದೊಡ್ಡದೇನಲ್ಲ. ಹುಡುಗನನ್ನು ಅಂಗಾತ ಮಲಗಿಸಿ ಮೊಣಕಾಲು ನೆಟ್ಟಗೆ ಇರಿಸಬೇಕು. ಹಿಮ್ಮಡವನ್ನು ಅಂಗೈಯಲ್ಲಿ ಹಿಡಿದು, ಅಂಗಾಲನ್ನು ಮುಂಗೈಗೆ ಒರಗಿಸಿ, ಪಾದವನ್ನು ಮೊಣಕಾಲಿನ ಕಡೆಗೆ ಮೆಲ್ಲಗೆ ತರಬೇಕು. ಹದಿನೈದು ಎಣಿಸುವವರೆಗೆ ಹಿಡಿದು ಬಿಡುವುದು, ಹತ್ತು ಸಲ. ಬೆರಳ ಬುಡವನ್ನಷ್ಟೇ ಒತ್ತಿದರೆ ಪಾದ ನಡುವೆ ಬಾಗುತ್ತದೆ, ಹಿಮ್ಮಡ ಇದ್ದಲ್ಲೇ ಇರುತ್ತದೆ. ಬಿಗಿ ಅನಿಸಬೇಕು, ನೋವಾಗಬಾರದು. ಹುಡುಗ ಅತ್ತರೆ ಎಳೆತ ಹೆಚ್ಚಾಯಿತೆಂದೇ ಅರ್ಥ. ಎಣ್ಣೆ ಹಚ್ಚಿ ಲಟಿಕೆ ತೆಗೆಯುವವರ ಕೈಗೆ ಕಾಲು ಕೊಡುವುದು ಬೇಡ, ಈ ಮಕ್ಕಳ ಎಲುಬು ಬಲು ಮೆತ್ತಗೆ.

ಸೊಂಟಕ್ಕೆ ಇನ್ನೂ ಸುಲಭ: ಟೀವಿ ನೋಡುವಾಗ ಬೋರಲು ಮಲಗಿಸುವುದು. ರಾತ್ರಿ ಪಾದವನ್ನು ನೆಟ್ಟಗೆ ಹಿಡಿಯುವ ಪ್ಲಾಸ್ಟಿಕ್ ಪಟ್ಟಿ ಕಟ್ಟುತ್ತಾರೆ. ಅದನ್ನು ಹಾಕಿಕೊಂಡು ನಡೆಸಬಾರದು, ಮಲಗಲಷ್ಟೇ. ಭಾರವಾದ ಕೌದಿ ಪಾದದ ಮೇಲೆ ಬಿದ್ದರೆ ಬೆರಳು ಕೆಳಗೆ ಒತ್ತುತ್ತದೆ, ಅದನ್ನೂ ನೋಡಿಕೊಳ್ಳಬೇಕು. ಗಾಲಿಕುರ್ಚಿಯಲ್ಲಿ ಕಾಲು ಜೋತಾಡದಂತೆ ಆಸರೆ ಬೇಕು.

ಇನ್ನೊಂದು ಮಾತು. "ನರಾ ಕೊಯ್ಸಿಬಿಟ್ರ ಹಿಮ್ಮಡ ಕೆಳಗ ಬರತೈತಿ" ಅನ್ನುವವರಿದ್ದಾರೆ. ಅದು ನರವಲ್ಲ, ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ. ತೊಡೆಯಲ್ಲಿ ಬಲವಿಲ್ಲದ ಹುಡುಗ ತುದಿಗಾಲ ಮೇಲೆ ನಿಂತೇ ಮೈ ತೂಗಿಸಿಕೊಳ್ಳುತ್ತಿರುತ್ತಾನೆ. ಅವಸರಕ್ಕೆ ಹುರಿಯನ್ನು ಹೆಚ್ಚು ಸಡಿಲ ಮಾಡಿಸಿದರೆ ನಿಲ್ಲುವುದೇ ತಪ್ಪಬಹುದು. ಈ ರೋಗ ಬಲ್ಲ ತಜ್ಞರನ್ನು ಕೇಳದೆ ಆಪರೇಷನ್ನಿಗೆ ಒಪ್ಪಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ.

ಮನೆಯೊಳಗಿನ ಮಾತು ಬೇರೆಯೇ. "ಸೋದರಮಾವಗ ಕೊಟ್ಟಿದ್ದಕ್ಕ ಹಿಂಗಾತು" ಅಂತ ಸೊಸೆಯ ತಲೆಗೆ ಕಟ್ಟುವುದಿದೆ. ಕೆಲವು ಸ್ನಾಯುರೋಗಗಳು ರಕ್ತಸಂಬಂಧದ ಮದುವೆಯಿಂದ ಹೆಚ್ಚುವುದು ಹೌದು. ಡುಶೆನ್ ಹಾಗಲ್ಲ, ಪರರ ಮನೆಯ ಹೆಣ್ಣು ತಂದಿದ್ದರೂ ಬರಬಹುದು. ಸುಮಾರು ಮೂರರಲ್ಲೊಬ್ಬ ಹುಡುಗನಿಗೆ ತಾಯಿಯಿಂದ ಬಂದಿರುವುದೇ ಇಲ್ಲ, ಅವನಲ್ಲೇ ಹೊಸದಾಗಿ ಹುಟ್ಟಿದ ದೋಷ.

2016ರ ಅಂಗವಿಕಲರ ಹಕ್ಕು ಕಾಯ್ದೆಯ 21 ಅಂಗವಿಕಲತೆಗಳ ಪಟ್ಟಿಯಲ್ಲಿ ಮಸ್ಕ್ಯುಲರ್ ಡಿಸ್ಟ್ರೋಫಿ ಸೇರಿದೆ. ಗುರುತಿನ ಚೀಟಿಗೆ ಅರ್ಜಿ ಹಾಕುವಾಗ "ಈಗಿನ್ನೂ ನಡೀತಾನಲ್ಲ" ಎಂದು ಸುಮ್ಮನೆ ಬರಬಾರದು.

ಅನುಮಾನವಿದ್ದವರು ಮೊದಲು ಮಾಡಿಸಬೇಕಾದದ್ದು ಸಿ.ಕೆ. ಎಂಬ ರಕ್ತಪರೀಕ್ಷೆ. ಈ ರೋಗದಲ್ಲಿ ಅದರ ಅಂಕೆ ಹತ್ತಾರು ಪಟ್ಟು ಏರಿರುತ್ತದೆ. ಲಿವರಿನದೆಂದು ನಾವು ತಿಳಿಯುವ ಎಸ್.ಜಿ.ಒ.ಟಿ., ಎಸ್.ಜಿ.ಪಿ.ಟಿ. ಅಂಕೆಗಳೂ ಸವೆದ ಸ್ನಾಯುವಿನಿಂದ ಏರುತ್ತವೆ. ಅದನ್ನು ಕಾಮಾಲೆ ಎಂದುಕೊಂಡು ಹುಡುಗನಿಗೆ ತಿಂಗಳುಗಟ್ಟಲೆ ಪಥ್ಯ ಹಿಡಿಸುವ ಮೊದಲು, ಸಿ.ಕೆ. ಬರೆದುಕೊಡಿ ಎಂದು ಡಾಕ್ಟರರನ್ನು ಕೇಳಿ ನೋಡಬಹುದು.