ತಂತಿಯ ಕೊನೆಯ ಮನೆಯಲ್ಲಿ ಎಷ್ಟು ವೋಲ್ಟು?

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿಯು ತಮಿಳುನಾಡಿನ ಗಡಿಗೆ ಮುನ್ನ ಪುಣಜನೂರಿನ ಕಾಡನ್ನು ಹಾಯುತ್ತದೆ. ಅಂಥ ಕಾಡಂಚಿನಲ್ಲಿ ಚದರಿದ ಕೆಲವು ಮನೆಗಳಿಗೆ, ಬಿಸಿಲಿನ ಫಲಕಗಳಿಂದ ತುಂಬುವ 48 ವೋಲ್ಟಿನ ಬ್ಯಾಟರಿಯೊಂದರಿಂದ ತಂತಿ ಎಳೆಯಬೇಕಾಗಿದೆ ಎಂದು ಭಾವಿಸೋಣ. ಹರಿಯುವುದು ಏಕಮುಖ ವಿದ್ಯುತ್ತು. ಕೊನೆಯ ಮನೆಗೆ 160 ವಾಟ್ ಬೇಕು; ಹೋಗಿಬರುವ ತಂತಿಗಳ ರೋಧ ಒಟ್ಟು 2 ಓಮ್. ಆ ಮನೆಗೆ ತಲಪುವ ಒತ್ತಡವೆಷ್ಟು?

ಪ್ರವಾಹವನ್ನು ರೋಧದಿಂದ ಗುಣಿಸಿ 48ರಿಂದ ಕಳೆದರಾಯಿತು ಎಂದು ವಾಚಕರು ಹೇಳಬಹುದು. ಆದರೆ ಪ್ರವಾಹವೆಷ್ಟೆಂಬುದೇ ಪ್ರಶ್ನೆ. ಹಳೆಯ ತಂತುದೀಪ ಸಾಧುಪ್ರಾಣಿ. ಒತ್ತಡ ಕುಗ್ಗಿದರೆ ಮಂಕಾಗಿ ತನ್ನ ಪ್ರವಾಹವನ್ನೂ ತಗ್ಗಿಸಿಕೊಳ್ಳುತ್ತದೆ. ಇಂದಿನ ಟಿ.ವಿ. ಮತ್ತು ಚಾರ್ಜರುಗಳೊಳಗಿನ ಪರಿವರ್ತಕಗಳು ಹಾಗಲ್ಲ. ಒತ್ತಡ ಕುಗ್ಗಿದಷ್ಟೂ ಹೆಚ್ಚು ಪ್ರವಾಹವನ್ನು ಸೆಳೆದು ತಮ್ಮ ವಾಟುಗಳನ್ನು ಪೂರ್ತಿ ವಸೂಲು ಮಾಡುತ್ತವೆ. ಒತ್ತಡ ತಿಳಿಯಲು ಪ್ರವಾಹ ಬೇಕು, ಪ್ರವಾಹ ತಿಳಿಯಲು ಒತ್ತಡ ಬೇಕು!

ಈ ಸುಳಿಯಿಂದ ಪಾರಾಗುವ ಉಪಾಯ ಊಹೆಯೇ. ಮೊದಲು 48 ವೋಲ್ಟು ಎಂದೇ ಊಹಿಸೋಣ. ಆಗ ಪ್ರವಾಹ 3.33 ಆಂಪೇರ್, ಒತ್ತಡ 41.33ಕ್ಕೆ ಇಳಿಯಿತು. ಈ ಒತ್ತಡದಿಂದ ಪ್ರವಾಹವನ್ನು ಮತ್ತೆ ಎಣಿಸಿದರೆ 40.26, ಆಮೇಲೆ 40.05, 40.01. ಪ್ರತಿ ಸುತ್ತಿನಲ್ಲಿಯೂ ತಪ್ಪು ಸುಮಾರು ಐದನೆಯ ಒಂದಂಶಕ್ಕೆ ಕುಗ್ಗುತ್ತ, ಉತ್ತರವು 40 ವೋಲ್ಟಿನಲ್ಲಿ ನೆಲೆಗೊಳ್ಳುತ್ತದೆ. ನ್ಯೂಟನ್ನನ ವಿಧಾನವು ರೇಖೆಯ ಇಳಿಜಾರನ್ನೂ ಗಮನಿಸುವುದರಿಂದ ಮೂರೇ ಹೆಜ್ಜೆಗಳಲ್ಲಿ ಅಲ್ಲಿಗೆ ಮುಟ್ಟಿಸುತ್ತದೆ.

ಬೀಜಗಣಿತವು 8 ವೋಲ್ಟು ಎಂಬ ಇನ್ನೊಂದು ಉತ್ತರವನ್ನೂ ಕೊಡುತ್ತದೆ. ಅಲ್ಲಿ ಪ್ರವಾಹ 20 ಆಂಪೇರ್. ಮನೆಗೆ 160 ವಾಟ್ ತಲಪಿಸಲು ತಂತಿಯಲ್ಲಿ 800 ವಾಟ್ ಸುಡಬೇಕು. ಅಂಥ ಉತ್ತರ ನಮಗೆ ಬೇಡ.

ಇನ್ನು ಆ ಮನೆಯವರು 300 ವಾಟ್ ಬಯಸಲಿ. ಎಣಿಕೆ 35.5, 31.1, 28.7 ಎಂದು ಇಳಿಯತೊಡಗಿ, ಎಲ್ಲಿಯೂ ನಿಲ್ಲದೆ ಕಡೆಗೆ ಸೊನ್ನೆಗಿಂತ ಕೆಳಕ್ಕೆ ಬೀಳುತ್ತದೆ. ವಿಧಾನವನ್ನು ದೂರುವಂತಿಲ್ಲ. 48ರ ವರ್ಗವನ್ನು ರೋಧದ ನಾಲ್ಕರಷ್ಟರಿಂದ ಭಾಗಿಸಿದರೆ 288 ವಾಟ್. ಆ ತಂತಿ ಅದಕ್ಕಿಂತ ಹೆಚ್ಚನ್ನು ಎಂದಿಗೂ ಒಯ್ಯಲಾರದು. ತಂತಿ ಕೊಳ್ಳುವ ಮೊದಲೇ ಕಾಗದ ಇದನ್ನು ಹೇಳಿಬಿಡುವುದು ಸಣ್ಣ ಲಾಭವಲ್ಲ. ಬ್ಯಾಟರಿಯನ್ನು 96 ವೋಲ್ಟಿಗೇರಿಸಿದರೆ ಅದೇ ತಂತಿಯ ಮಿತಿ ನಾಲ್ಮಡಿಯಾಗಿ 1,152 ವಾಟ್ ಆಗುತ್ತದೆ.

ಒತ್ತಡವನ್ನೇರಿಸುವ ಈ ಉಪಾಯವೇ ದೂರದ ಸಾಗಣೆಗೂ ಆಧಾರ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದದ್ದು ಪರ್ಯಾಯ ವಿದ್ಯುತ್ತು; ಅದರ ಒತ್ತಡವನ್ನೇರಿಸುವುದು ಆಗ ಸುಲಭವಾಗಿತ್ತು. 2003ರಲ್ಲಿ ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ, ಸಾವಿರದ ಮುನ್ನೂರು ಕಿಲೋಮೀಟರಿಗೂ ಮೀರಿದ ಹಾದಿಯಲ್ಲಿ, 500 ಕಿಲೋವೋಲ್ಟಿನ ಧನ ಋಣ ತಂತಿಗಳಲ್ಲಿ ಬಂದದ್ದು ಏಕಮುಖ ವಿದ್ಯುತ್ತು. ಆ ಮಾರ್ಗಕ್ಕೆ ಎರಡೇ ತುದಿ. ಲೆಕ್ಕ ನಮ್ಮ ಮನೆಯ ಲೆಕ್ಕದಂತೆಯೇ ಚಿಕ್ಕದು. ಚೀನದ ಝಾಂಗ್‌ಬೇಯಲ್ಲಿ 2020ರಲ್ಲಿ ನಾಲ್ಕು ಕೇಂದ್ರಗಳನ್ನು ಉಂಗುರದಂತೆ ಬೆಸೆದರು. ಇಂಥ ಜಾಲದಲ್ಲಿ ಒಂದು ಕೇಂದ್ರದ ಬದಲಾವಣೆ ಉಳಿದೆಲ್ಲವನ್ನೂ ತಟ್ಟುವುದರಿಂದ ಸಮೀಕರಣಗಳನ್ನು ಒಟ್ಟಿಗೇ ಬಿಡಿಸಬೇಕು. ಒಂದು ಕೇಂದ್ರದ ಒತ್ತಡವನ್ನು ನಮ್ಮ ಬ್ಯಾಟರಿಯದರಂತೆ ಸ್ಥಿರವೆಂದು ಹಿಡಿದು, ಉಳಿದವುಗಳ ಒತ್ತಡಗಳನ್ನು ಊಹಿಸಿ, ಕಂಪ್ಯೂಟರು ಅದೇ ಸುತ್ತುಗಳನ್ನು ಸುತ್ತುತ್ತದೆ.