ಅರ್ಧ ಗಾಳಿಯಲ್ಲಿ ಉಳಿದ ಜೀವಗಳು

ಐಸಿಯುನಲ್ಲಿ ರೋಗಿಯನ್ನು ಬೋರಲು ಮಲಗಿಸುವುದನ್ನು ಹತ್ತಿರದಿಂದ ನೋಡಬೇಕು. ತಲೆಯ ಬಳಿ ನಿಂತವರು ಗಂಟಲಿಗೆ ಇಳಿಸಿದ ಕೊಳವೆಯಿಂದ ಕೈ ತೆಗೆಯುವುದಿಲ್ಲ, ಎಣಿಸುವವರೂ ಅವರೇ. ಎರಡೂ ಪಕ್ಕದವರು ಹಾಸಿಗೆಯ ಬಟ್ಟೆಯನ್ನು ಬಿಗಿಯಾಗಿ ಹಿಡಿದಿರುತ್ತಾರೆ. ಕಣ್ಣಿಗೆ ಮುಲಾಮು ಹಚ್ಚಿ ರೆಪ್ಪೆ ಮುಚ್ಚಿ ಟೇಪ್ ಅಂಟಿಸಿದ್ದಾಗಿದೆ. ಒಂದು, ಎರಡು, ಮೂರು ಎನ್ನುತ್ತಲೇ ರೋಗಿ ಮೊದಲು ಪಕ್ಕಕ್ಕೆ, ಆಮೇಲೆ ಹೊಟ್ಟೆಯ ಮೇಲೆ ಹೊರಳುತ್ತಾನೆ. ಎದೆಯ ಮೇಲಿದ್ದ ಇಸಿಜಿ ತಂತಿಗಳು ಬೆನ್ನಿಗೆ ಬರುತ್ತವೆ. ಇದಕ್ಕೆ ಹೊಸ ಯಂತ್ರ ಬೇಡ, ಬೇಕಾದದ್ದು ನಾಲ್ಕೈದು ಜನರ ಕೈ.

ಹೀಗೆ ಮಲಗಿಸುವುದು ಉಸಿರಾಟ ತೀರಾ ಕೆಟ್ಟವರನ್ನು. ನ್ಯುಮೋನಿಯಾ ಇರಲಿ, ರಕ್ತದ ನಂಜು ಇರಲಿ, ಶ್ವಾಸಕೋಶದ ಗಾಳಿಚೀಲಗಳಲ್ಲಿ ನೀರು ತುಂಬಿ ಆಮ್ಲಜನಕ ರಕ್ತಕ್ಕೆ ಸೇರದಂತಾಗುವ ಸ್ಥಿತಿಗೆ ಎಆರ್‌ಡಿಎಸ್ ಎನ್ನುತ್ತಾರೆ. 1967ರಲ್ಲಿ ಅಮೆರಿಕದ ಡೆನ್ವರ್‌ನ ವೈದ್ಯರು 12 ರೋಗಿಗಳಲ್ಲಿ ಇದನ್ನು ಗುರುತಿಸಿ ಬರೆದರು. ಆಗಿನಿಂದ ದಶಕಗಳ ಕಾಲ ವೆಂಟಿಲೇಟರ್ ದೊಡ್ಡ ಉಸಿರನ್ನೇ ತಳ್ಳುತ್ತಿತ್ತು. ಇಟಲಿಯ ವೈದ್ಯ ಲುಚಾನೊ ಗಟಿನೋನಿ ಸಿ.ಟಿ. ಸ್ಕ್ಯಾನ್ ನೋಡಿ ಹೇಳಿದ್ದು ಕಣ್ಣು ತೆರೆಸಿತು: ಇಂಥ ರೋಗಿಯ ಎದೆಯಲ್ಲಿ ಗಾಳಿಯಾಡುವ ಭಾಗ ಮಗುವಿನ ಶ್ವಾಸಕೋಶದಷ್ಟೇ ಉಳಿದಿರುತ್ತದೆ. ಅಷ್ಟು ಪುಟ್ಟ ಜಾಗಕ್ಕೆ ದೊಡ್ಡವರ ಉಸಿರು ತುಂಬಿದರೆ ಅದು ಹೇಗೆ ತಾಳೀತು?

ಉತ್ತರ 2000ದಲ್ಲಿ ಸಿಕ್ಕಿತು. ಅಮೆರಿಕದಲ್ಲಿ 861 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಒಂದು ಗುಂಪಿಗೆ ಪ್ರತಿ ಉಸಿರಿನಲ್ಲಿ ದೇಹತೂಕದ ಕೆ.ಜಿ.ಗೆ 12 ಮಿ.ಲೀ., ಇನ್ನೊಂದಕ್ಕೆ 6 ಮಿ.ಲೀ. ಗಾಳಿ ಕೊಟ್ಟರು. ಹೆಚ್ಚು ಗಾಳಿ ಪಡೆದವರಲ್ಲಿ ಶೇ 39.8, ಕಡಿಮೆ ಪಡೆದವರಲ್ಲಿ ಶೇ 31 ಮಂದಿ ತೀರಿಕೊಂಡರು. ನನ್ನನ್ನು ಬಹಳ ಕಾಡುವುದು ಇನ್ನೊಂದು ಸಂಗತಿ. ಮೊದಲ ದಿನಗಳಲ್ಲಿ ಹೆಚ್ಚು ಗಾಳಿ ಪಡೆದವರ ರಕ್ತದಲ್ಲೇ ಆಮ್ಲಜನಕ ಚೆನ್ನಾಗಿತ್ತು. ಮಾನಿಟರಿನ ಅಂಕಿ ನೋಡಿದವರಿಗೆ ಎಲ್ಲವೂ ಸರಿಯಾಗಿಯೇ ಕಂಡಿರಬೇಕು.

ಈ ಕೆ.ಜಿ. ತಕ್ಕಡಿಯದಲ್ಲ, ಎತ್ತರದಿಂದ ಲೆಕ್ಕ ಹಾಕಿದ್ದು. ಮೈ ತುಂಬಿಕೊಂಡರೆ ಶ್ವಾಸಕೋಶ ಬೆಳೆಯುವುದಿಲ್ಲ. 170 ಸೆಂ.ಮೀ. ಎತ್ತರದ ಗಂಡಸು 90 ಕೆ.ಜಿ. ತೂಗಿದರೂ ಲೆಕ್ಕಕ್ಕೆ ಬರುವುದು 66 ಕೆ.ಜಿ.; ಒಂದು ಉಸಿರಿಗೆ ಸುಮಾರು 400 ಮಿ.ಲೀ. ಸಾಕು. 152 ಸೆಂ.ಮೀ. ಎತ್ತರದ ಹೆಂಗಸಿಗೆ ಬರೀ 270. ಕಣ್ಣಂದಾಜಿನಲ್ಲಿ ಗಾಳಿ ಕೊಟ್ಟರೆ ಹೆಚ್ಚು ಪೆಟ್ಟು ತಿನ್ನುವವರು ಗಿಡ್ಡಗಿರುವವರು.

ಉಸಿರನ್ನು ಇನ್ನೂ ಚಿಕ್ಕದಾಗಿಸಿ, ನಿಮಿಷಕ್ಕೆ ನೂರಾರು ಸಲ ಕಂಪಿಸುವ ಯಂತ್ರವೂ ಬಂತು. 2013ರ ಪ್ರಯೋಗದಲ್ಲಿ ಅದನ್ನು ಹಾಕಿದವರಲ್ಲಿ ಶೇ 47, ಸಾಮಾನ್ಯ ವೆಂಟಿಲೇಟರ್‌ನಲ್ಲಿದ್ದವರಲ್ಲಿ ಶೇ 35 ಮಂದಿ ಸತ್ತದ್ದರಿಂದ ನಡುವೆಯೇ ನಿಲ್ಲಿಸಬೇಕಾಯಿತು. ಅದೇ ವರ್ಷ ಫ್ರಾನ್ಸ್ ಮತ್ತು ಸ್ಪೇನ್‌ನಲ್ಲಿ 466 ಮಂದಿಯ ಅಧ್ಯಯನ ಪ್ರಕಟವಾಯಿತು. ಒಂದು ಸಲಕ್ಕೆ ಕನಿಷ್ಠ 16 ಗಂಟೆ ಬೋರಲು ಮಲಗಿಸಿದವರಲ್ಲಿ 28 ದಿನಗಳೊಳಗಿನ ಸಾವು ಶೇ 32.8ರಿಂದ ಶೇ 16ಕ್ಕೆ ಇಳಿದಿತ್ತು. ಅಂಗಾತ ಮಲಗಿದಾಗ ಹೃದಯದ ಭಾರಕ್ಕೆ, ನೀರಿನ ಭಾರಕ್ಕೆ ಮುದುಡಿದ್ದ ಬೆನ್ನಿನ ಕಡೆಯ ಗಾಳಿಚೀಲಗಳು ಬೋರಲಾದಾಗ ಅರಳುತ್ತವೆ. ಆದರೂ 2016ರಲ್ಲಿ ಪ್ರಕಟವಾದ 50 ದೇಶಗಳ ಸಮೀಕ್ಷೆಯಲ್ಲಿ, ತೀವ್ರ ಹಂತದವರಲ್ಲಿ ಬೋರಲು ಮಲಗಿದ್ದವರು ಶೇ 16ರಷ್ಟು ಮಾತ್ರ. ಕೋವಿಡ್ ಬಂದ ಮೇಲೆ ನಮ್ಮ ಮನೆಗಳಲ್ಲೂ ಎದೆಯಡಿ ದಿಂಬಿಟ್ಟು ಬೋರಲು ಮಲಗುವುದು ರೂಢಿಗೆ ಬಂತು.

ನಿಮ್ಮವರು ಐಸಿಯುನಲ್ಲಿ ಬೋರಲು ಮಲಗಿದ್ದು, ಮುಖ ಊದಿಕೊಂಡಿದ್ದು ಕಂಡರೆ ಗಾಬರಿಯಾಗಬೇಡಿ. ಆ ಭಂಗಿಯಲ್ಲಿ ಊತ ಬರುವುದುಂಟು. ಅವರ ಎತ್ತರ ಕೇಳಿದರೆ ಅಂದಾಜು ಹೇಳಬೇಡಿ. ಗೊತ್ತಿಲ್ಲದಿದ್ದರೆ ಟೇಪ್ ಹಿಡಿದು ಅಳೆಯಿರಿ ಎಂದು ಸಂಕೋಚವಿಲ್ಲದೆ ಕೇಳಿಕೊಳ್ಳಿ.