ವಿಮಾನದ ಗಾತ್ರವನ್ನು ಪ್ರಯಾಣಿಕರ ಸಂಖ್ಯೆಗೆ ಹೊಂದಿಸುವ ಬಗೆ

ಕಾಸರಗೋಡಿನ ಅನೇಕ ಕುಟುಂಬಗಳು ಮಂಗಳೂರು ಅಥವಾ ಕಣ್ಣೂರು ನಿಲ್ದಾಣದಿಂದ ವಿಮಾನವೇರುತ್ತವೆ. ಟಿಕೆಟ್ ಪಡೆದ ಬಳಿಕ ಆಸನದ ಸಂಖ್ಯೆ ಬದಲಾಗಿದೆಯೆಂಬ ಸಂದೇಶ ಕೆಲವೊಮ್ಮೆ ಬರುವುದುಂಟು. ನಿಗದಿಯಾದ ವಿಮಾನದ ಬದಲಿಗೆ ಬೇರೊಂದು ಗಾತ್ರದ ವಿಮಾನವನ್ನು ಕಳುಹಿಸುವುದೂ ಇದಕ್ಕೊಂದು ಕಾರಣ. ಹೀಗೇಕೆ ಮಾಡುತ್ತಾರೆಂಬುದನ್ನು ನಾವು ಅರಿತಿರುವುದು ಒಳ್ಳೆಯದು.

ಇಂದು ಮಾರಾಟವಾಗದ ಅಕ್ಕಿಯನ್ನು ನಾಳೆ ಮಾರಬಹುದು. ಖಾಲಿಯಾಗಿ ಹಾರಿಹೋದ ಆಸನವನ್ನು ಮತ್ತೆ ಮಾರಲಾಗದು. ವಿಮಾನ ಚಿಕ್ಕದಾದರೆ ಟಿಕೆಟ್ ಕೇಳಿದವರಿಗೆ ಇಲ್ಲವೆನ್ನಬೇಕು. ಯಾವ ಮಾರ್ಗಕ್ಕೆ ಯಾವ ವಿಮಾನವೆಂಬುದು ತಿಂಗಳುಗಳ ಮೊದಲೇ ತೀರ್ಮಾನವಾಗುತ್ತದೆ. ಆಗ ಪ್ರಯಾಣಿಕರ ಸಂಖ್ಯೆ ಬರಿಯ ಅಂದಾಜು. ಹೊರಡುವ ದಿನ ಸಮೀಪಿಸಿದಂತೆ ಮುಂಗಡ ಟಿಕೆಟ್‌ಗಳ ಲೆಕ್ಕದಿಂದ ನಿಜಸ್ಥಿತಿ ತಿಳಿಯುತ್ತದೆ.

ಒಂದು ಲೆಕ್ಕವನ್ನು ನೋಡೋಣ. ಬೆಂಗಳೂರಿನಿಂದ ಒಂದೇ ಹೊತ್ತಿಗೆ ಎರಡು ವಿಮಾನಗಳು ಹೊರಡುತ್ತವೆಯೆಂದು ಭಾವಿಸಿರಿ. 186 ಆಸನಗಳ ಎ320 ವಿಮಾನಕ್ಕೆ 210 ಜನರ ಬೇಡಿಕೆಯಿದೆ; 232 ಆಸನಗಳ ಎ321ಕ್ಕೆ 150 ಜನ ಮಾತ್ರ. ಹಾಗೆಯೇ ಬಿಟ್ಟರೆ ಪ್ರಯಾಣಿಸುವವರು 186 ಮತ್ತು 150, ಒಟ್ಟು 336. ಎರಡನ್ನೂ ಅದಲುಬದಲು ಮಾಡಿದರೆ 360. ಹೊಸ ವಿಮಾನವನ್ನು ಕೊಳ್ಳದೆಯೇ 24 ಮಂದಿಗೆ ಸ್ಥಳ ದೊರೆಯಿತು. ಮಕ್ಕಳೂ ಮಾಡಬಹುದಾದ ಲೆಕ್ಕವಿದು.

ಬೋಯಿಂಗ್ ಸಂಸ್ಥೆಯ ಬರ್ಜ್ ಮತ್ತು ಹಾಪರ್‌ಸ್ಟಾಡ್ 1993ರಲ್ಲಿ ಈ ವಿಧಾನವನ್ನು ಗಣಿತದ ನೆಲೆಯಲ್ಲಿ ವಿವರಿಸಿದರು. ಇದರಿಂದ ಕಾರ್ಯಾಚರಣೆಯ ಲಾಭ ಶೇ. 1ರಿಂದ 5ರಷ್ಟು ಹೆಚ್ಚಬಹುದೆಂಬುದು ಅವರ ಅಂದಾಜು.

ಆದರೆ ಯಾವುದೇ ವಿಮಾನದ ಸ್ಥಾನದಲ್ಲಿ ಯಾವುದನ್ನಾದರೂ ನಿಲ್ಲಿಸಲಾಗದು. ಪೈಲಟ್‌ಗಳ ಪರವಾನಗಿ ವಿಮಾನದ ಮಾದರಿಗೆ ಸಂಬಂಧಿಸಿದ್ದು. ಎ320 ಮತ್ತು ಎ321 ಒಂದೇ ಕುಟುಂಬದವಾದುದರಿಂದ ಒಂದರ ಪೈಲಟ್ ಇನ್ನೊಂದನ್ನೂ ನಡೆಸಬಲ್ಲರು; 78 ಆಸನಗಳ ಎಟಿಆರ್‌ಗೆ ಬೇರೆಯೇ ಪೈಲಟ್‌ಗಳು ಬೇಕು. ನಮ್ಮ ದೇಶದ ನಿಯಮದಂತೆ ಪ್ರತಿ 50 ಆಸನಗಳಿಗೆ ಒಬ್ಬ ಪರಿಚಾರಕರಿರಬೇಕು. ಹಾಗಾಗಿ 186 ಆಸನಗಳಿಗೆ ನಾಲ್ವರು ಸಾಕಾದರೆ 232ಕ್ಕೆ ಐವರು ಅಗತ್ಯ. ಇಳಿಯುವಲ್ಲಿ ರನ್‌ವೇ ಸಾಲುವಂತಿರಬೇಕು. ಗುಡ್ಡದ ನೆತ್ತಿಯ ಮಂಗಳೂರು ನಿಲ್ದಾಣದಲ್ಲಿ ಇದು ಮುಖ್ಯ ಸಂಗತಿ. ಅದಲುಬದಲಾದ ವಿಮಾನಗಳು ಸಂಜೆಯೊಳಗೆ ತಮ್ಮ ಮುಂದಿನ ಪ್ರಯಾಣದ ಸ್ಥಳಕ್ಕೆ ತಲುಪಬೇಕು. ಇಲ್ಲದಿದ್ದರೆ ಮರುದಿನದ ವೇಳಾಪಟ್ಟಿಯೇ ಕೆಡುತ್ತದೆ. ಆದುದರಿಂದ ಬದಲಾವಣೆ ಸಾಮಾನ್ಯವಾಗಿ ಒಂದೇ ಕುಟುಂಬದ ವಿಮಾನಗಳ ನಡುವೆ ನಡೆಯುತ್ತದೆ.

ದೊಡ್ಡ ವಿಮಾನ ಬಂದರೆ ಪ್ರಯಾಣಿಕರಿಗೆ ತೊಂದರೆಯಿಲ್ಲ. ಕೆಲವೊಮ್ಮೆ ದುರಸ್ತಿಯಂಥ ಕಾರಣದಿಂದ ಚಿಕ್ಕದು ಬರಬಹುದು. ಆಗ ದೃಢಪಟ್ಟ ಟಿಕೆಟ್ ಹಿಡಿದು ಹೊತ್ತಿಗೆ ಸರಿಯಾಗಿ ಬಂದವರಿಗೂ ಆಸನ ಸಾಲದೆ ಹೋದೀತು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದ ಪ್ರಕಾರ ಸಂಸ್ಥೆಯು ಮೊದಲು ಸ್ವಇಚ್ಛೆಯಿಂದ ಆಸನ ಬಿಟ್ಟುಕೊಡುವವರನ್ನು ಕೇಳಬೇಕು. ಒಪ್ಪದವರನ್ನು ಹತ್ತಿಸದಿದ್ದರೆ ಒಂದು ಗಂಟೆಯೊಳಗೆ ಹೊರಡುವ ಬದಲಿ ವಿಮಾನವನ್ನು ಒದಗಿಸಬೇಕು. ಅದಾಗದೆ 24 ಗಂಟೆಯೊಳಗಿನ ವಿಮಾನ ಕೊಟ್ಟರೆ, ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತದ ಎರಡು ಪಟ್ಟು, ಗರಿಷ್ಠ 10,000 ರೂಪಾಯಿ ಪರಿಹಾರ. ಅದಕ್ಕೂ ತಡವಾದರೆ ನಾಲ್ಕು ಪಟ್ಟು, ಗರಿಷ್ಠ 20,000 ರೂಪಾಯಿ.

ವಿಮಾನದ ಆಯ್ಕೆ ಸಂಸ್ಥೆಯ ಲೆಕ್ಕಾಚಾರಕ್ಕೆ ಬಿಟ್ಟದ್ದು. ದೃಢಪಟ್ಟ ಟಿಕೆಟಿನ ಹಕ್ಕು ನಮ್ಮದು. ಹೊರಡುವ ಮುನ್ನ ಸಂದೇಶಗಳನ್ನು ಗಮನಿಸೋಣ, ವೇಳೆಗೆ ಮೊದಲೇ ನಿಲ್ದಾಣ ಸೇರೋಣ, ಹಕ್ಕನ್ನು ಕೇಳಲು ಹಿಂಜರಿಯದಿರೋಣ.